ಸಿಸ್ಟರ್‌ಗೆ ಒಂದು ಪ್ರಶ್ನೆ: ಡಾಕ್ಟರ್ ಹೋದ ಮೇಲಿನ 23 ಗಂಟೆ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುತ್ತಿರುವವರದ್ದು. ಹೆಂಡತಿ, ಮಗಳು, ಸೊಸೆ, ಜೊತೆಗೆ ಒಂದಿಬ್ಬರು ಗಂಡುಮಕ್ಕಳು. ನಾನು ಜಿಲ್ಲಾ ಆಸ್ಪತ್ರೆಯ ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡುಗಳಲ್ಲಿ ಕೆಲಸ ಮಾಡಿದವಳು. ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಡಾಕ್ಟರ್ ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿಯುವ 23 ಗಂಟೆ ಇದೆಯಲ್ಲ, ಅದು ನರ್ಸ್‌ದು. ಮನೆಗೆ ಬಂದ ಮೇಲೆ ಅದು ನಿಮ್ಮದು. ಆ ಹೊತ್ತಿನಲ್ಲಿ ಏನು ನೋಡಬೇಕು, ಏನು ಮಾಡಬೇಕು ಅನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಅಪ್ಪನಿಗೆ 71 ವರ್ಷ. 3 ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಮನೆಯಲ್ಲೇ ಮಲಗಿಸಿಕೊಂಡು ನೋಡಿಕೊಳ್ಳುತ್ತಿದ್ದೇವೆ. ಹೋದ ವಾರ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ ಕೆಂಪಾಗಿತ್ತು. ಈಗ ಒಂದು ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ಸುಲಿದಿದೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಪೌಡರ್ ಕೊಟ್ಟರು. ಗಾಳಿ ತುಂಬುವ ರಿಂಗ್ ತಂದು ಸೊಂಟದ ಕೆಳಗೆ ಇಟ್ಟಿದ್ದೇವೆ. ಇನ್ನೇನು ಮಾಡಬೇಕು ಸಿಸ್ಟರ್?
– ರಾಣೆಬೆನ್ನೂರಿನಿಂದ ಒಬ್ಬ ಮಗಳು

ಉತ್ತರ: ಮೊದಲು ಆ ರಿಂಗ್ ತೆಗೆದುಬಿಡಿ ತಾಯಿ. ಹುಣ್ಣಿರುವ ಜಾಗಕ್ಕೆ ಏನೂ ತಾಗುವುದಿಲ್ಲ, ಒಳ್ಳೆಯದು ಅಂತ ಎಲ್ಲರಿಗೂ ಅನ್ನಿಸುತ್ತದೆ. ನಿಜವಾಗಿ ಆ ರಿಂಗ್ ಸುತ್ತಲಿನ ಚರ್ಮವನ್ನು ಒತ್ತಿ ಹಿಡಿಯುತ್ತದೆ. ಮಧ್ಯದ ಭಾಗಕ್ಕೆ ರಕ್ತ ಬರುವ ದಾರಿಯೇ ಕಟ್ಟುತ್ತದೆ. ಎಣ್ಣೆ ಹಾಕಿ ತಿಕ್ಕುವುದೂ ಬೇಡ. ಅಲ್ಲಿ ಚರ್ಮದ ಕೆಳಗಿನ ಮಾಂಸ ಮೊದಲೇ ನಲುಗಿದೆ, ತಿಕ್ಕಿದರೆ ಹುಣ್ಣು ದೊಡ್ಡದಾಗುತ್ತದೆ. ಪೌಡರ್ ಬೆವರಿಗೆ ಗಂಟುಗಂಟಾಗಿ ಇನ್ನಷ್ಟು ಉಜ್ಜುತ್ತದೆ. ಅದನ್ನೂ ಬಿಡಿ.

ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಇರುವವರಿಗೆ ಆಗುವ ಹಾಸಿಗೆ ಹುಣ್ಣು, ಯಾಕೆ ಆಗುತ್ತದೆ ಅನ್ನುವುದು ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಆದಂತೆ. ಒಳಗೆ ಗಟ್ಟಿ ಮೂಳೆ, ಹೊರಗೆ ಹಾಸಿಗೆ. ನಡುವೆ ಚರ್ಮ ಸಿಕ್ಕಿಕೊಂಡಿದೆ. ನಾವಾದರೆ ನಿದ್ದೆಯಲ್ಲೂ ಹೊರಳುತ್ತೇವೆ. ನಿಮ್ಮ ಅಪ್ಪನಿಗೆ ಹೊರಳಲು ಆಗುವುದಿಲ್ಲ, ಆ ಕಡೆ ನೋವೂ ಸರಿಯಾಗಿ ಗೊತ್ತಾಗುವುದಿಲ್ಲ. ಒಂದೇ ಜಾಗ ಗಂಟೆಗಟ್ಟಲೆ ಒತ್ತಿದಾಗ ರಕ್ತ ಹರಿಯುವುದು ನಿಂತು ಅಲ್ಲಿನ ಮಾಂಸ ಸಾಯುತ್ತದೆ. ಔಷಧ ಹಚ್ಚಲಿಲ್ಲ ಅಂತ ಆಗುವ ಹುಣ್ಣಲ್ಲ ಇದು. ಇಂಗ್ಲೆಂಡಿನಲ್ಲಿ ಡೊರೀನ್ ನಾರ್ಟನ್ ಅನ್ನುವ ನರ್ಸ್ ಮತ್ತು ಅವರ ಜೊತೆಗಾರರು ವಯಸ್ಸಾದ ರೋಗಿಗಳನ್ನು ಗಮನಿಸಿ 1962ರಲ್ಲಿ ಇದನ್ನೇ ಹೇಳಿದರು: ಮೇಲೆ ಹಚ್ಚುವ ಮುಲಾಮಿಗಿಂತ ರೋಗಿಯನ್ನು ಆಗಾಗ ಹೊರಳಿಸಿ ಮಲಗಿಸುವುದೇ ಮುಖ್ಯ. ಅವರ ಹೆಸರಿನ ಅಂಕಪಟ್ಟಿಯನ್ನು ಇವತ್ತಿಗೂ ನಾವು ಪಾಠ ಮಾಡುತ್ತೇವೆ. ಮೈಯ ಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ – ಈ 5 ಸಂಗತಿಗೆ ಒಟ್ಟು 20 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಇದೆ ಅಂತ ಲೆಕ್ಕ.

ಈಗ ಹೊರಳಿಸುವ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗೋಡೆಗೆ ಒಂದು ಕಾಗದ ಅಂಟಿಸಿ, ಹೊತ್ತು ಮತ್ತು ಮಗ್ಗುಲು ಬರೆಯಿರಿ: 6 ಗಂಟೆ ಎಡ, 8 ಗಂಟೆ ಬಲ, ಹೀಗೆ. ಬರೆಯದಿದ್ದರೆ ಮನೆಯಲ್ಲಿ ಒಬ್ಬರು ಇನ್ನೊಬ್ಬರು ಮಾಡಿರಬೇಕು ಅಂದುಕೊಂಡು ನಾಲ್ಕು ತಾಸು ಹೋಗಿಬಿಡುತ್ತದೆ. ಹುಣ್ಣು ವಾಸಿಯಾಗುವವರೆಗೆ ಅಂಗಾತ ಮಲಗಿಸುವುದು ಊಟದ ಹೊತ್ತಿಗೆ ಬಿಟ್ಟರೆ ಬೇಡ. ಬಲ ಮಗ್ಗುಲಿಗೆ ಸ್ಪರ್ಶ ಕಡಿಮೆ ಇರುವುದರಿಂದ ಆ ಕಡೆ ಸ್ವಲ್ಪ ಕಡಿಮೆ ಹೊತ್ತು ಇರಲಿ.

ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವಂತೆ ಅಪ್ಪನ ಕೆಳಗೆ ಹಾಸಿ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಸೀರೆ ಹಿಡಿದು ಎತ್ತಿ ಸರಿಸಿ. ಎಳೆಯಬೇಡಿ. ಎಳೆದಾಗಲೇ ಚರ್ಮ ಸುಲಿಯುವುದು. ಬಿದ್ದುಹೋದ ಕೈಯನ್ನು ಹಿಡಿದು ಎಬ್ಬಿಸಲು ಹೋಗಲೇಬೇಡಿ, ಭುಜದ ಕೀಲು ಜಾರುತ್ತದೆ. ಮಗ್ಗುಲಿಗೆ ತಿರುಗಿಸಿದ ಮೇಲೆ ಪೂರ್ತಿ ಅಡ್ಡ ಮಲಗಿಸದೆ, ಬೆನ್ನಿನ ಹಿಂದೆ ಒಂದು ದಿಂಬು ಒತ್ತು ಕೊಟ್ಟು ಓರೆಯಾಗಿ ಇರಿಸಿ. ಸುಮಾರು 30 ಡಿಗ್ರಿ ಓರೆ ಇದ್ದರೆ ಸಾಕು. ಪೂರ್ತಿ ಅಡ್ಡ ಮಾಡಿದರೆ ತೊಡೆಯ ಪಕ್ಕದ ಮೂಳೆ ಒತ್ತಿ ಅಲ್ಲಿ ಇನ್ನೊಂದು ಹುಣ್ಣು ಶುರು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ನಿಮ್ಮ ಅಂಗೈ ಹಿಮ್ಮಡಿಯ ಕೆಳಗೆ ಆರಾಮವಾಗಿ ಹೋಗಿಬರಬೇಕು. ಈ ಹಿಮ್ಮಡಿಯನ್ನು ಎಲ್ಲರೂ ಮರೆಯುತ್ತಾರೆ. ಸೊಂಟ ನೋಡಿ, ಬೆನ್ನು ನೋಡಿ, ಕಾಲಿಗೆ ಸಾಕ್ಸ್ ಹಾಕಿಬಿಟ್ಟಿರುತ್ತಾರೆ. ಒಳಗೆ ಹಿಮ್ಮಡಿ ಕಪ್ಪಾಗಿರುತ್ತದೆ.

ಪ್ರತಿ ಸಲ ಹೊರಳಿಸಿದಾಗ ಮೂಳೆ ಎದ್ದಿರುವ ಜಾಗಗಳನ್ನು ನೋಡಿ: ತಲೆಯ ಹಿಂಭಾಗ, ಕಿವಿ, ಭುಜ, ಮೊಣಕೈ, ಸೊಂಟ, ಕಣಕಾಲು. ಎಲ್ಲಾದರೂ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ, ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿದರೆ ಸರಿಹೋಗುತ್ತದೆ. ಒತ್ತಿದರೂ ಕೆಂಪಾಗಿಯೇ ಇದ್ದರೆ ಒಳಗೆ ಹುಣ್ಣು ಶುರುವಾಗಿದೆ. ನಮ್ಮ ಜನರ ಮೈಬಣ್ಣಕ್ಕೆ ಕೆಂಪು ಎದ್ದು ಕಾಣದೇ ಇರಬಹುದು. ಆಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಬೇಕು.

ಏರ್‌ಬೆಡ್ ತಂದರೆ ಒಳ್ಳೆಯದೇ. ಆದರೆ ಏರ್‌ಬೆಡ್ ಇದೆ ಅಂತ ಹೊರಳಿಸುವುದನ್ನು ಬಿಡುವಂತಿಲ್ಲ. ಗಾಳಿ ಸಾಕಷ್ಟಿದೆಯಾ ನೋಡಲು ಸೊಂಟದ ನೇರಕ್ಕೆ ಏರ್‌ಬೆಡ್ಡಿನ ಅಡಿಗೆ ಕೈ ತೂರಿಸಿ. ಮೇಲಿನ ಮೂಳೆ ಕೈಗೆ ಸಿಕ್ಕರೆ ಗಾಳಿ ಕಡಿಮೆ.

ಸುಲಿದ ಜಾಗವನ್ನು ನಾರ್ಮಲ್ ಸಲೈನ್‌ನಿಂದ ತೊಳೆಯಿರಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ ಯಾವುದೂ ಬೇಡ. ಡ್ರೆಸ್ಸಿಂಗ್ ಯಾವುದು ಅನ್ನುವುದನ್ನು ಡಾಕ್ಟರಿಗೆ ಒಮ್ಮೆ ತೋರಿಸಿ ಕೇಳಿ. ಅಪ್ಪನನ್ನು ಕರೆದೊಯ್ಯುವುದು ಕಷ್ಟವಾದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಮನೆಗೆ ಬರಲು ಕೇಳಿ, ಅವರಲ್ಲಿ ಬಹಳ ಜನ ನರ್ಸಿಂಗ್ ಓದಿದವರೇ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಕೀವು ಕಂಡರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಊಟದ ಮಾತು ಒಂದಿದೆ. ಮಾಂಸ ಮತ್ತೆ ತುಂಬಿಕೊಳ್ಳಲು ಪ್ರೋಟೀನ್ ಬೇಕು. ಮೊಟ್ಟೆ, ಬೇಳೆಕಟ್ಟು, ಹಾಲು, ಮೊಸರು, ಮೆತ್ತಗೆ ಬೇಯಿಸಿದ ಮೊಳಕೆ ಕಾಳು ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ಅಂತ ಡಾಕ್ಟರನ್ನು ಕೇಳಿ. ಆದರೆ ಮಲಗಿದಲ್ಲೇ ಬಾಯಿಗೆ ಹಾಕಬೇಡಿ. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಲಕ್ವ ಆದವರಿಗೆ ನೀರು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುವುದುಂಟು. ನೀರು ಕುಡಿದ ಕೂಡಲೇ ಕೆಮ್ಮು ಬಂದರೆ, ಮಾತು ಗೊರಗೊರ ಅಂದರೆ ಅದೇ ಗುರುತು. ಅಂಥವರಿಗೆ ತೆಳ್ಳಗಿನ ನೀರಿಗಿಂತ ಗಟ್ಟಿ ಅಂಬಲಿ ನುಂಗುವುದು ಸುಲಭ. ಡಾಕ್ಟರಿಗೂ ಇದನ್ನು ತಿಳಿಸಿ, ನುಂಗುವುದನ್ನು ಪರೀಕ್ಷೆ ಮಾಡಿಸಬೇಕು. ಊಟ ಆದ ಮೇಲೆ ಬಲಗೆನ್ನೆಯ ಒಳಗೆ ಅನ್ನ ಉಳಿದಿದೆಯಾ ಅಂತ ಬೆರಳಿಗೆ ಬಟ್ಟೆ ಸುತ್ತಿಕೊಂಡು ನೋಡಿ. ಅರ್ಧ ಗಂಟೆ ಕೂತೇ ಇರಲಿ.

ನಿಮ್ಮ ಪತ್ರದ ಕೊನೆಯಲ್ಲಿ “ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ” ಅಂತ ಬರೆದಿದ್ದೀರಿ. ಡಿಸ್ಚಾರ್ಜ್ ಮಾಡುವಾಗ ಹೊರಳಿಸುವುದು ಹೇಗೆ ಅಂತ ನಿಮ್ಮ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸುವುದು ನಮ್ಮ ಕೆಲಸವಾಗಿತ್ತು. ಆ ಹೊರೆಯನ್ನು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ನಾನೇ ಚುಚ್ಚುತ್ತೇನೆ. ಹೋದ ತಿಂಗಳು ಅಂಗಡಿಯಲ್ಲಿ ಬೇರೆ ಸಿರಿಂಜ್ ಕೊಟ್ಟರು. ಅದರಲ್ಲಿ ಯಾವಾಗಿನಷ್ಟೇ ಗೆರೆಗೆ ಎಳೆದು ಕೊಟ್ಟರೂ ಶುಗರ್ 300ಕ್ಕೆ ಏರಿತು. ಯಾಕೆ? ನಮ್ಮಲ್ಲಿ ಫ್ರಿಜ್ ಕೂಡ ಇಲ್ಲ, ಬೇಸಿಗೆ ಬೇರೆ.
– ಸಿಂಧನೂರು ತಾಲೂಕಿನ ಓದುಗರು

ಉತ್ತರ: ಸಿರಿಂಜಿನ ಮುಚ್ಚಳದ ಬಣ್ಣ ನೋಡಿ ಅಮ್ಮ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್ನೂ ಇದೆ. ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. ನಿಮಗೆ ಕಿತ್ತಳೆ ಮುಚ್ಚಳದ್ದು ಕೊಟ್ಟಿರಬೇಕು. 40ರ ಬಾಟಲಿಯಿಂದ ಆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಏರದೆ ಇನ್ನೇನು?

ಇದು ತಿರುಗುಮುರುಗಾದರೆ ಪ್ರಾಣಕ್ಕೇ ಅಪಾಯ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಆದ್ದರಿಂದ ಬಾಟಲಿಯ ಮೇಲೆ 40 ಅಂತಿದೆಯಾ 100 ಅಂತಿದೆಯಾ ಓದಿ, ಸಿರಿಂಜಿನ ಮೇಲಿನ ಸಂಖ್ಯೆಯೂ ಅದೇ ಇದೆಯಾ ನೋಡಿ, ಆಮೇಲೇ ಚುಚ್ಚಿ. ಓದಲು ಬರದವರಾದರೆ ಖಾಲಿ ಬಾಟಲಿಯನ್ನೂ ಹಳೆಯ ಸಿರಿಂಜಿನ ಮುಚ್ಚಳವನ್ನೂ ಅಂಗಡಿಗೆ ತೆಗೆದುಕೊಂಡು ಹೋಗಿ ಇದೇ ಬೇಕು ಅನ್ನಿ.

ಹಾಲಿನಂತೆ ಮಬ್ಬಾಗಿರುವ ಇನ್ಸುಲಿನ್ ಆದರೆ ಕುಲುಕಬೇಡಿ, ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸಿ. ಹೊಟ್ಟೆಗೆ ಕೊಡುವುದಾದರೆ ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು, ದಿನಾ ಜಾಗ ಬದಲಿಸುತ್ತಾ ಹೋಗಿ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ. ಗಂಟಿಗೆ ಕೊಟ್ಟ ಇನ್ಸುಲಿನ್ ಒಂದು ದಿನ ಹತ್ತುತ್ತದೆ, ಒಂದು ದಿನ ಇಲ್ಲ.

ಫ್ರಿಜ್ ಇಲ್ಲದಿದ್ದರೆ ಮಡಿಕೆ ಸಾಕು. ಬಾಟಲಿಯನ್ನು ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನೀರು ತುಂಬಿದ ಮಣ್ಣಿನ ಮಡಿಕೆಯೊಳಗೆ ಇಳಿಬಿಡಿ. ಮಡಿಕೆ ನೆರಳಲ್ಲಿ, ಗಾಳಿಯಾಡುವ ಕಡೆ ಇರಲಿ. ತೆರೆದ ಬಾಟಲಿಯನ್ನು 4 ವಾರಕ್ಕಿಂತ ಜಾಸ್ತಿ ಬಳಸಬೇಡಿ. ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ನೆಂಟರ ಮನೆಯ ಫ್ರಿಜ್ಜಿನಲ್ಲಿ ಇಟ್ಟರೆ ಫ್ರೀಜರ್ ಕಡೆ ಬೇಡ, ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಶುಗರ್ ಇಳಿದಾಗ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚುಚ್ಚಿದ ಮೇಲೆ ಊಟ ತಡವಾದರೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಸುಮ್ನೆ ಸಿಟ್ಟು ಮಾಡುತ್ತಾರೆ, ಕುಡಿದವರ ಹಾಗೆ ತೊದಲುತ್ತಾರೆ. ಯಂತ್ರ ಇದ್ದರೆ 70ಕ್ಕಿಂತ ಕಡಿಮೆ ತೋರಿಸುತ್ತದೆ. ಯಂತ್ರ ಇಲ್ಲದಿದ್ದರೆ ಕಾಯಬೇಡಿ. 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಶ್ರಾವಣ, ಏಕಾದಶಿ ಅಂತ ಉಪವಾಸ ಇರುವವರಾದರೆ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಗೆ ಹೊಟ್ಟೆ ಕೊಯ್ದು ಗರ್ಭಕೋಶದ ಆಪರೇಷನ್ ಆಗಿ 6 ದಿನ. ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ, ಮೀನು ಎಲ್ಲ ನಂಜು, ಕೊಡಬೇಡಿ ಅಂತ ಹಿರಿಯರು ಹೇಳುತ್ತಾರೆ. ಬರೀ ಅನ್ನ, ಮೆಣಸಿನ ಸಾರು. ಆಸ್ಪತ್ರೆಯಲ್ಲಿ ಮಾರನೇ ದಿನವೇ ಎಬ್ಬಿಸಿ ನಡೆಸಿದರು. ಹೊಲಿಗೆ ಬಿಟ್ಟುಹೋಗುತ್ತದೆ ಅಂತ ಅತ್ತೆಗೆ ಭಯ. ಮನೆಗೆ ಬಂದ ಮೇಲೆ ಹಾಸಿಗೆ ಬಿಟ್ಟು ಏಳುತ್ತಿಲ್ಲ.
– ತೀರ್ಥಹಳ್ಳಿಯಿಂದ ಸೊಸೆ

ಉತ್ತರ: ಹಿರಿಯರ ಕಾಳಜಿ ನಿಜವಾದದ್ದು, ಅವರ ಜೊತೆ ಜಗಳ ಬೇಡ. ಆದರೆ ಗಾಯ ಕೂಡಲು ಬೇಕಾದದ್ದನ್ನೇ ಅವರು ತಟ್ಟೆಯಿಂದ ತೆಗೆಯುತ್ತಿದ್ದಾರೆ. ಮೊಟ್ಟೆ, ಮೀನು ತಿಂದರೆ ಗಾಯ ಕೀವಾಗುವುದಿಲ್ಲ. ಕೀವಾಗುವುದು ಕ್ರಿಮಿಯಿಂದ. ಶುಗರ್ ಹಿಡಿತದಲ್ಲಿಲ್ಲದಿದ್ದರೆ, ಕೊಳೆ ಕೈಯಿಂದ ಗಾಯ ಮುಟ್ಟಿದರೆ ಆ ಅಪಾಯ ಜಾಸ್ತಿ. ಗಾಯ ಕೂಡಲು ಪ್ರೋಟೀನ್, ಹಣ್ಣು, ಸೊಪ್ಪು ಬೇಕು. ಮೊಟ್ಟೆಗೆ ಒಪ್ಪದಿದ್ದರೆ ತೊವ್ವೆ, ಹೆಸರುಕಾಳು, ಹಾಲು, ಮಜ್ಜಿಗೆ ಕೊಡಿ. ಸಾರಿಗೆ ಒಂದು ಹಿಡಿ ಬೇಳೆ ಜಾಸ್ತಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಸೊಪ್ಪು, ಹಣ್ಣು, ನೀರು ಇದ್ದರೆ ಮಲಬದ್ಧತೆಯೂ ಆಗುವುದಿಲ್ಲ. ಮುಕ್ಕಿದಾಗ ಹೊಟ್ಟೆಯ ಗಾಯದ ಮೇಲೆ ಬೀಳುವ ಒತ್ತಡ ನಡೆದಾಗ ಬೀಳುವುದಕ್ಕಿಂತ ಎಷ್ಟೋ ಜಾಸ್ತಿ.

ನಡೆಸುವುದಕ್ಕೆ ಕಾರಣ ಇದೆ. ಮಲಗೇ ಇದ್ದರೆ ಶ್ವಾಸಕೋಶದ ಕೆಳಭಾಗ ಬಿಚ್ಚಿಕೊಳ್ಳುವುದಿಲ್ಲ. ನೋವಿಗೆ ಹೆದರಿ ಕೆಮ್ಮುವುದೂ ಇಲ್ಲ. ಕಫ ನಿಂತು ನ್ಯುಮೋನಿಯಾ ಆಗುತ್ತದೆ. ಕಾಲಿನ ರಕ್ತ ನಿಧಾನವಾಗಿ ಹರಿದು ಮೀನಖಂಡದಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಮನುಷ್ಯ ಉಳಿಯುವುದೇ ಕಷ್ಟ. ಹೊಲಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಪದರ ಪದರವಾಗಿ ಹಾಕಿರುತ್ತಾರೆ.

ಏಳುವಾಗ ಅಂಗಾತ ಮಲಗಿದವರು ಹಾಗೇ ಎದ್ದು ಕೂರಬಾರದು. ಮೊದಲು ಮಗ್ಗುಲಾಗಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಕೈ ಊರಿ ಎದ್ದರೆ ಹೊಟ್ಟೆ ಎಳೆಯುವುದಿಲ್ಲ. ಒಂದು ನಿಮಿಷ ಕೂತು ತಲೆ ತಿರುಗುವುದಿಲ್ಲ ಅಂತ ನೋಡಿ ಆಮೇಲೆ ನಿಲ್ಲಲಿ. ಕೆಮ್ಮುವಾಗ ಒಂದು ದಿಂಬನ್ನು ಗಾಯದ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿಯಲಿ, ನೋವು ಅರ್ಧಕ್ಕಿಳಿಯುತ್ತದೆ. ಎಚ್ಚರ ಇರುವಾಗ ಗಂಟೆಗೊಮ್ಮೆ 10 ಸಲ ದೀರ್ಘವಾಗಿ ಉಸಿರು ಎಳೆದು ಬಿಡಲಿ. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಯಂತ್ರ ಕೊಟ್ಟಿದ್ದರೆ ಅದನ್ನು ಊದುವುದಲ್ಲ, ಎಳೆಯುವುದು. ಬಹಳ ಜನ ಊದುತ್ತಾ ಕೂತಿರುತ್ತಾರೆ. ಹೊಟ್ಟೆಗೆ ಸೀರೆ ಬಿಗಿಯಾಗಿ ಕಟ್ಟಿದರೆ ಈ ಉಸಿರೇ ಆಗುವುದಿಲ್ಲ.

ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108. ಗಾಯದ ಸುತ್ತ ಕೆಂಪಾಗಿ ನೀರು ಸೋರಿದರೆ, ಜ್ವರ ಬಂದರೆ ಹೊಲಿಗೆ ತೆಗೆಯುವ ದಿನದವರೆಗೆ ಕಾಯಬೇಡಿ. ನೀರಿನ ಬಿಂದಿಗೆ, ಹುಲ್ಲಿನ ಹೊರೆ 6 ವಾರ ಬೇಡವೇ ಬೇಡ. ಇದನ್ನು ಅತ್ತೆಗಿಂತ ಮನೆಯ ಗಂಡಸರಿಗೆ ಓದಿ ಹೇಳಿ.

ಪ್ರಶ್ನೆ: ನಾನು ದುಬೈನಲ್ಲಿ ಕೆಲಸ ಮಾಡುತ್ತೇನೆ. ಅಮ್ಮ ಕುಂದಾಪುರದ ಹತ್ತಿರ ಊರಲ್ಲಿ ಒಬ್ಬರೇ ಇದ್ದಾರೆ. ಹಾರ್ಟ್ ಪಂಪಿಂಗ್ 30 ಪರ್ಸೆಂಟ್ ಅಂದಿದ್ದಾರೆ. ದಿನಾ ಫೋನ್ ಮಾಡುತ್ತೇನೆ, ಆರಾಮ ಇದ್ದೇನೆ ಅನ್ನುತ್ತಾರೆ. ಆದರೂ ವರ್ಷದಲ್ಲಿ ಎರಡು ಸಲ ಉಸಿರುಕಟ್ಟಿ ಅಡ್ಮಿಟ್ ಆದರು. ಫೋನಿನಲ್ಲಿ ಏನು ಕೇಳಿದರೆ ಮೊದಲೇ ಗೊತ್ತಾಗುತ್ತದೆ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. “ಆರಾಮಾ?” ಅಂದರೆ ಅಮ್ಮಂದಿರು ಹೌದು ಅಂತಲೇ ಹೇಳುವುದು, ಮಗ ಪರದೇಶದಲ್ಲಿದ್ದರಂತೂ ಇನ್ನೂ ಜಾಸ್ತಿ. ಅದರ ಬದಲು “ಇವತ್ತು ತೂಕ ಎಷ್ಟು?” ಅಂತ ಕೇಳಿ. ಒಂದು ತೂಕದ ಯಂತ್ರ ಕಳಿಸಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಕಾಫಿಗೆ ಮೊದಲು, ಒಂದೇ ರೀತಿಯ ಬಟ್ಟೆಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯಲಿ. 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವುದಕ್ಕೆ ಎಷ್ಟೋ ದಿನ ಮೊದಲೇ ತೂಕ ಏರಲು ಶುರುವಾಗಿರುತ್ತದೆ. ಆಗಲೇ ಡಾಕ್ಟರಿಗೆ ಫೋನ್ ಮಾಡಿದರೆ ನೀರು ಇಳಿಸುವ ಮಾತ್ರೆ ಹೊಂದಿಸಿ ಅಡ್ಮಿಟ್ ತಪ್ಪಿಸಬಹುದು.

ಆಮೇಲೆ ಕೇಳಿ: ರಾತ್ರಿ ಎಷ್ಟು ದಿಂಬು ಇಟ್ಟುಕೊಂಡಿರಿ? ಒಂದಿದ್ದದ್ದು ಎರಡಾದರೆ, ಕೂತು ನಿದ್ದೆ ಮಾಡಿದೆ ಅಂದರೆ, ನಡುರಾತ್ರಿ ಎದ್ದು ಕಿಟಕಿ ತೆಗೆದೆ ಅಂದರೆ ನೀರು ಶ್ವಾಸಕೋಶಕ್ಕೆ ಬಂದಿದೆ ಅಂತ. ಚಪ್ಪಲಿ ಬಿಗಿಯಾಗುತ್ತಿದೆಯಾ? ವಿಡಿಯೋ ಕಾಲ್ ಮಾಡಿ ಕಣಕಾಲಿನ ಮೇಲಿನ ಮೂಳೆಗೆ ಹೆಬ್ಬೆರಳು ಒತ್ತಿ ತೋರಿಸಲು ಹೇಳಿ. ಗುಳಿ ಬಿದ್ದು ಹಾಗೇ ಉಳಿದರೆ ಬಾವು ಇದೆ. ಒಂದು ಉದ್ದನೆಯ ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳುತ್ತಾರಾ ಅನ್ನುವುದನ್ನೂ ಗಮನಿಸಿ. ಇದು ಫೋನಿನಲ್ಲೇ ಕೇಳಿಸುತ್ತದೆ.

ಊಟ ಏನು ಅಂತ ಕೇಳುವಾಗ ಉಪ್ಪು ಹುಡುಕಿ. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಟೀ ಚಮಚದಷ್ಟು ಮೀರಬಾರದು. ನಿಮ್ಮ ಕಡೆ ಗಂಜಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಮಳೆಗಾಲದಲ್ಲಿ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ. ಇವು ಬಂದರೆ ಲೆಕ್ಕ ತಪ್ಪಿತು. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಹಾರ್ಟಿನ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಕೇಳದೆ ತರಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ: ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದಾರಾ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಕಿಡ್ನಿಗೂ ಕಷ್ಟ. ಹಾರ್ಟ್ ಮಾತ್ರೆ ತಪ್ಪದೆ ನುಂಗಿ, ಉಪ್ಪು ಬಿಟ್ಟು, ಆದರೂ ಅಡ್ಮಿಟ್ ಆದವರ ಕೈಚೀಲದಲ್ಲಿ ಈ ಮಾತ್ರೆಯ ಚೀಟಿ ಸಿಕ್ಕಿದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ನೀರಿನ ಮಾತ್ರೆ ನುಂಗಿದರೆ ಪದೇ ಪದೇ ಮೂತ್ರಕ್ಕೆ ಏಳಬೇಕು ಅಂತ ಬಿಟ್ಟುಬಿಡುವವರೂ ಇದ್ದಾರೆ. ಬೆಳಿಗ್ಗೆ ನುಂಗಿದರೆ ರಾತ್ರಿ ನಿದ್ದೆ ಕೆಡುವುದಿಲ್ಲ. ಮದುವೆಮನೆಗೆ ಹೋಗುವ ದಿನ ಹೊತ್ತು ಹಿಂದೆಮುಂದೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಲಿ, ಬಿಡುವುದು ಮಾತ್ರ ಬೇಡ.

ಪ್ರಶ್ನೆ: ಅಮ್ಮ ಬೀಡಿ ಸೇದಿದವರಲ್ಲ, ಆದರೂ ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂದಿದ್ದಾರೆ. ಕ್ಯಾಪ್ಸೂಲ್ ಹಾಕಿ ಎಳೆಯುವ ಇನ್‌ಹೇಲರ್ ಕೊಟ್ಟರು, ಗುಣ ಕಾಣುತ್ತಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆ. ಬೆರಳಿನ ಯಂತ್ರದಲ್ಲಿ 90 ತೋರಿಸಿದರೆ ತಮ್ಮ ಆಕ್ಸಿಜನ್ ಜಾಸ್ತಿ ಮಾಡುತ್ತಾನೆ. ಸರಿಯೇ?
– ಚಿಂತಾಮಣಿಯಿಂದ

ಉತ್ತರ: ತಮ್ಮನಿಗೆ ಬೇಡ ಅನ್ನಿ. ಈ ಕಾಯಿಲೆಯವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರುಗಳು ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಏರಿಸಲು ಹೋದರೆ ಕೆಲವರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಮಂಪರು ಹತ್ತುತ್ತದೆ. ಬೆಳಿಗ್ಗೆ ತಲೆನೋವು, ಮಾತಾಡಿಸಿದರೂ ತೂಕಡಿಕೆ ಇದ್ದರೆ ಕೂಡಲೇ ಆಸ್ಪತ್ರೆ. ಡಾಕ್ಟರ್ ಬರೆದುಕೊಟ್ಟ ಲೀಟರ್ ಎಷ್ಟೋ ಅಷ್ಟೇ.

ಸೌದೆ ಒಲೆ, ಬೆರಣಿ ಹೊಗೆ ಮೂವತ್ತು ನಲವತ್ತು ವರ್ಷ ಕುಡಿದ ಶ್ವಾಸಕೋಶಕ್ಕೆ ಬೀಡಿ ಬೇಕಿಲ್ಲ. ಸ್ನಾನದ ನೀರಿಗೆ ಈಗಲೂ ಒಲೆ ಉರಿಸುತ್ತಿದ್ದರೆ ಆ ಕೆಲಸವನ್ನು ಅಮ್ಮನಿಂದ ತಪ್ಪಿಸಿ.

ಇನ್ನು ಕ್ಯಾಪ್ಸೂಲ್. ನಿಮ್ಮ ಕಣ್ಣೆದುರು ಒಮ್ಮೆ ಎಳೆಯಲು ಹೇಳಿ. ಅದನ್ನು ನೀರಿನ ಜೊತೆ ನುಂಗುತ್ತಿರುವವರು ಇದ್ದಾರೆ! ಸಾಧನದಲ್ಲಿ ಹಾಕಿ ತಿರುಗಿಸಿ, ಮೊದಲು ಉಸಿರನ್ನು ಹೊರಗೆ ಪೂರ್ತಿ ಬಿಟ್ಟು, ತುಟಿ ಬಿಗಿಮಾಡಿ ಜೋರಾಗಿ ಒಳಗೆಳೆದು, 10 ಎಣಿಸುವವರೆಗೆ ಹಿಡಿದಿಡಬೇಕು. ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ಸ್ಟೀರಾಯ್ಡ್ ಇರುವ ಪುಡಿಯಿಂದ ನಾಲಿಗೆಯಲ್ಲಿ ಬಿಳಿ ಹುಣ್ಣಾಗಬಹುದು. ಎಳೆಯುವ ಶಕ್ತಿ ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ, ಸ್ಪೇಸರ್ (ಪಂಪಿಗೆ ಸಿಕ್ಕಿಸುವ ದಪ್ಪ ಕೊಳವೆ) ಜೊತೆ ಪಂಪ್ ಕೊಡುತ್ತಾರೆ. ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬರಿಗೆ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋಯಿತು. ಎರಡು ದಿನ ನಾಟಿ ಔಷಧ ಅಂತ ಸುತ್ತಿಸಿದರು. ಅಂಥ ಹೊತ್ತಿನಲ್ಲಿ ಮೊದಲು ಏನು ಮಾಡಬೇಕು?
– ಹೊಸದುರ್ಗದಿಂದ

ಉತ್ತರ: ಗಡಿಯಾರ ನೋಡಿ. ಅವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ ಗುರುತು ಹಾಕಿಕೊಳ್ಳಿ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಿ ರಕ್ತಸ್ರಾವ ಅಲ್ಲ ಅಂತ ಖಚಿತವಾಗಬೇಕು. 108ಕ್ಕೆ ಫೋನ್ ಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ಹೋಗಿ. ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋದರೂ ಹೋಗಲೇಬೇಕು, ದೊಡ್ಡದು ಹಿಂದೆಯೇ ಬರುವುದುಂಟು.

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಮೆಡಿಕಲ್ ಸರ್ಜಿಕಲ್ ಪುಸ್ತಕ ನೋಡಿದರೆ ಭಯ ಆಗುತ್ತೆ ಮೇಡಂ. ಇಷ್ಟು ಕಾಯಿಲೆ ಹೇಗೆ ನೆನಪಿಡುವುದು? ವಾರ್ಡಿನಲ್ಲಿ ನೋಡಿದರೆ ಎಲ್ಲ ರೋಗಿಗಳ ಚಾರ್ಟಿನಲ್ಲೂ ಉಸಿರು 20 ಅಂತಲೇ ಬರೆದಿರುತ್ತಾರೆ.
– ಬಾಗಲಕೋಟೆಯ ವಿದ್ಯಾರ್ಥಿನಿ

ಉತ್ತರ: ಎರಡನೇ ವರ್ಷದಲ್ಲೇ ಅದು ನಿನ್ನ ಕಣ್ಣಿಗೆ ಬಿತ್ತಲ್ಲ ಮಗಳೇ, ನನಗೆ ಸಂತೋಷ ಆಯಿತು. ಎಲ್ಲರಿಗೂ 20 ಅಂತ ಬರೆಯುವುದನ್ನು ನೀನು ಕಲಿಯಬೇಡ. ರೋಗಿ ಕೆಡುವಾಗ ಬಿ.ಪಿ. ಇಳಿಯುವುದು ತಡವಾಗಿ. ಉಸಿರಿನ ಲೆಕ್ಕ ಅದಕ್ಕಿಂತ ಮೊದಲೇ ಏರುತ್ತದೆ. ನ್ಯುಮೋನಿಯಾ ಇರಲಿ, ಸೋಂಕು ರಕ್ತಕ್ಕೆ ಇಳಿದಿರಲಿ, ಆಪರೇಷನ್ ಆದವರಿಗೆ ಒಳಗೆ ರಕ್ತ ಸೋರುತ್ತಿರಲಿ, ಶುಗರ್ ಏರಿ ರಕ್ತ ಆಮ್ಲವಾಗಿರಲಿ, ಎಲ್ಲದರಲ್ಲೂ ಉಸಿರು ಬೇಗಬೇಗ ಆಗುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 25 ಮುಟ್ಟಿದರೆ ಸುಮ್ನೆ ಕೂರಬಾರದು, ಡಾಕ್ಟರಿಗೆ ಹೇಳಬೇಕು.

ಎಣಿಸುವ ರೀತಿ ಹೀಗೆ. ಉಸಿರು ಎಣಿಸುತ್ತೇನೆ ಅಂತ ರೋಗಿಗೆ ಹೇಳಬೇಡ, ಹೇಳಿದರೆ ಅವರ ಉಸಿರು ಬದಲಾಗುತ್ತದೆ. ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದೇ ಇರು, ಕಣ್ಣು ಎದೆ ಹೊಟ್ಟೆಯ ಮೇಲಿರಲಿ. ಪೂರ್ತಿ ಒಂದು ನಿಮಿಷ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ. ಆ ಒಂದು ನಿಮಿಷದಲ್ಲಿ ಇನ್ನೂ ಎಷ್ಟೋ ತಿಳಿಯುತ್ತದೆ: ಕೈ ತಣ್ಣಗಿದೆಯಾ, ಬೆವರಿದೆಯಾ, ಕತ್ತಿನ ಸ್ನಾಯು ಎಳೆಯುತ್ತಿದೆಯಾ, ತುಟಿ ಯಾವ ಬಣ್ಣ, ಮಂಚದ ಪಕ್ಕದ ಊಟದ ತಟ್ಟೆ ಮುಟ್ಟಿದ್ದಾರಾ.

ಪುಸ್ತಕದ ಭಯಕ್ಕೆ ಒಂದೇ ದಾರಿ. ದಿನಕ್ಕೆ ಒಬ್ಬ ರೋಗಿಯನ್ನು ಹಿಡಿ, ಅವರ ಕಾಯಿಲೆಯನ್ನು ಅವತ್ತು ರಾತ್ರಿ ಓದು. ಲಿವರ್ ಸಿರೋಸಿಸ್ ಅಧ್ಯಾಯ ಹತ್ತು ಸಲ ಓದಿದರೂ ಮರೆಯಬಹುದು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಚಾಚಿದ ಕೈ ಪಟಪಟ ಬಡಿಯುವ ಒಬ್ಬರನ್ನು ನೋಡಿಕೊಂಡು ಬಂದು ಓದಿದರೆ ಮರೆಯುವುದಿಲ್ಲ. ಅವರಿಗೆ ಮಲಬದ್ಧತೆ ಆಗದಂತೆ ಸಿರಪ್ ಯಾಕೆ ಕೊಡುತ್ತಾರೆ ಅಂತ ಓದುವ ಮೊದಲು ನೀನೇ ಯೋಚಿಸಿ ನೋಡು.

ಪ್ರಶ್ನೆ: ಅಜ್ಜನಿಗೆ ಮೂತ್ರದ ಪೈಪು ಹಾಕಿ ಕಳಿಸಿದ್ದಾರೆ. ಚೀಲವನ್ನು ಮಂಚದ ಮೇಲೆ ಇಡುವುದೋ ಕೆಳಗೋ?
– ಗುಬ್ಬಿಯಿಂದ

ಉತ್ತರ: ಯಾವಾಗಲೂ ಕಿಬ್ಬೊಟ್ಟೆಗಿಂತ ಕೆಳಗೆ ಇರಲಿ, ಆದರೆ ನೆಲಕ್ಕೆ ತಾಗಬಾರದು. ಮಂಚದ ಪಟ್ಟಿಗೆ ನೇತುಹಾಕಿ. ನಡೆಸುವಾಗ ಚೀಲವನ್ನು ಹೆಗಲಿಗೆ ಹಾಕಿಕೊಂಡರೆ ಒಳಗಿನ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಪೈಪನ್ನು ತೊಡೆಗೆ ಪ್ಲಾಸ್ಟರಿನಿಂದ ಅಂಟಿಸಿ, ಎಳೆತ ಬೀಳದಿರಲಿ. ಮೂರರಲ್ಲಿ ಎರಡು ಭಾಗ ತುಂಬುವ ಮೊದಲೇ ಕೆಳಗಿನ ನಲ್ಲಿಯಿಂದ ಖಾಲಿ ಮಾಡಿ, ಮೊದಲೂ ಆಮೇಲೂ ಕೈ ತೊಳೆಯಿರಿ. ಪೈಪನ್ನೂ ಚೀಲವನ್ನೂ ಸುಮ್ಮನೆ ಬಿಚ್ಚಿ ಜೋಡಿಸಬೇಡಿ. ದಿನಕ್ಕೊಮ್ಮೆ ಸೋಪು ನೀರಿನಿಂದ ಪೈಪು ಒಳಹೋಗುವ ಜಾಗ ತೊಳೆಯಿರಿ. 3-4 ಗಂಟೆ ಒಂದು ಹನಿಯೂ ಬರದೆ ಹೊಟ್ಟೆ ಉಬ್ಬಿದರೆ ಮೊದಲು ಪೈಪು ಮಡಿಚಿಕೊಂಡಿದೆಯಾ ನೋಡಿ. ಮಡಿಚಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ನೀವೇ ಎಳೆದು ತೆಗೆಯಲು ಹೋಗಬೇಡಿ, ಒಳಗೆ ನೀರು ತುಂಬಿದ ಸಣ್ಣ ಬಲೂನು ಇರುತ್ತದೆ. ಪೈಪು ಯಾವಾಗ ಬದಲಿಸಬೇಕು ಅನ್ನುವ ದಿನಾಂಕ ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ ಬರೆದಿಡಿ.